ಬರದ ಲೆಕ್ಕ, ಹಾಡಿನ ಲೆಕ್ಕ

ಸಾವಳಗಿ ಕಡೆಯ ಹಿರಿಯರಲ್ಲಿ ಬಹಳಷ್ಟು ಜನರ ಹುಟ್ಟಿದ ದಿನ ಜೂನ್ 1. ಆಧಾರ್ ಕಾರ್ಡು, ಪಿಂಚಣಿ ಕಾಗದ, ಬ್ಯಾಂಕಿನ ಪಾಸ್‌ಬುಕ್ಕು ಎಲ್ಲದಕ್ಕೂ ಅದೇ ತಾರೀಖು. ಒಂದೇ ದಿನ ಇಷ್ಟೊಂದು ಜನ ಹುಟ್ಟಿದ್ದು ಹೇಗೆ ಎಂದು ಕೇಳಿದರೆ ನಗುತ್ತಾರೆ. ಶಾಲೆಗೆ ಹೆಸರು ಹಚ್ಚಲು ಹೋದಾಗ ಮಾಸ್ತರರು ಹುಡುಗನ ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಿಸುತ್ತಿದ್ದರು. ಬೆರಳಿಗೆ ಕಿವಿ ಸಿಕ್ಕಿತೆಂದರೆ ಶಾಲೆಯ ವಯಸ್ಸಾಯಿತು. ಶಾಲೆ ತೆರೆಯುವುದು ಜೂನ್‌ನಲ್ಲಿ, ಆದ್ದರಿಂದ ಹುಡುಗ ಹುಟ್ಟಿದ್ದೂ ಜೂನ್‌ನಲ್ಲಿ. ಹೀಗೆ ಒಂದು ತಲೆಮಾರಿನ ಜನ್ಮದಿನವನ್ನು ಮಾಸ್ತರರ ಲೆಕ್ಕಣಿಕೆ ತೀರ್ಮಾನಿಸಿತು.

ಹಾಗೆಂದು ಆ ಹಿರಿಯರಿಗೆ ತಮ್ಮ ವಯಸ್ಸು ಗೊತ್ತಿಲ್ಲವೆಂದಲ್ಲ. ಅವರ ಲೆಕ್ಕ ಬೇರೆ ಅಷ್ಟೆ. "ಎಪ್ಪತ್ತೆರಡರ ಬರದಾಗ ನಮ್ಮ ಹಿರೇಮಗಳು ಅಂಬೆಗಾಲು ಇಡತಿದ್ಲು" ಎನ್ನುತ್ತಾಳೆ ಒಬ್ಬ ಅಜ್ಜಿ. "ಚಿಕ್ಕಪಡಸಲಗಿ ಬ್ಯಾರೇಜ್ ಆತಲ್ಲ, ಅದರ ಮುಂದಿನ ವರ್ಷ ನನ್ನ ಲಗ್ನ" ಎನ್ನುತ್ತಾನೆ ಇನ್ನೊಬ್ಬ. ಮೊದಲನೆಯದು 1972ರ ಭೀಕರ ಬರಗಾಲ. ಎರಡನೆಯದು 1989ರಲ್ಲಿ ಜಮಖಂಡಿ ತಾಲೂಕಿನ ರೈತರು ಸರ್ಕಾರದ ದಾರಿ ಕಾಯದೆ, ತಾವೇ ವಂತಿಗೆ ಹಾಕಿ, ತಾವೇ ದುಡಿದು ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬ್ಯಾರೇಜ್. ಈ ಎರಡು ಗೂಟಗಳು ಸಿಕ್ಕರೆ ಸಾಕು, ಹೇಳುವವರ ವಯಸ್ಸನ್ನು ಒಂದೆರಡು ವರ್ಷದ ಅಂತರದಲ್ಲಿ ಲೆಕ್ಕ ಹಾಕಬಹುದು. ಜನಗಣತಿ ಮಾಡುವವರಿಗೂ ಈ ಉಪಾಯ ಗೊತ್ತಿದೆ. ಹುಟ್ಟಿದ ವರ್ಷ ಹೇಳಲಾರದವರ ವಯಸ್ಸನ್ನು ಊರಿನ ನೆನಪಿನಲ್ಲಿ ಉಳಿದ ಬರ, ನೆರೆ, ರೋಗ, ಚುನಾವಣೆಗಳ ಆಧಾರದ ಮೇಲೆ ಊಹಿಸುವುದು ಗಣತಿಯ ಹಳೆಯ ಪದ್ಧತಿ.

ವಯಸ್ಸು ಎನ್ನುವುದು ಅಂಕಿಯಾಗುವ ಮೊದಲು ನೆನಪಾಗಿತ್ತು, ಅದೂ ಊರಿಗೆಲ್ಲ ಸೇರಿದ ನೆನಪು. ಬರ ಒಬ್ಬನಿಗೇ ಬರುವುದಿಲ್ಲ. 1876-78ರ ದೊಡ್ಡ ಬರದಲ್ಲಿ ಈ ಸೀಮೆ ಎಷ್ಟು ನಲುಗಿತೆಂದರೆ, ಆಗಿನ ಕಲಾದಗಿ ಜಿಲ್ಲೆಯ ಜನಸಂಖ್ಯೆ 1881ರ ಗಣತಿಯಲ್ಲಿ ಏರುವ ಬದಲು ಇಳಿದಿತ್ತು. ಅದೇ ಬರವನ್ನು ಮೈಸೂರಿನ ಕಡೆ 'ಧಾತು ಈಶ್ವರ ಬರ' ಎಂದು ಕರೆದರು. ಧಾತು, ಈಶ್ವರ ಎರಡೂ ಸಂವತ್ಸರಗಳ ಹೆಸರು. ಅರವತ್ತು ಸಂವತ್ಸರಗಳ ಚಕ್ರ ಒಂದು ಸುತ್ತು ಮುಗಿಸಿದಾಗ ಮನುಷ್ಯ ತಾನು ಹುಟ್ಟಿದ ಸಂವತ್ಸರಕ್ಕೆ ಮರಳುತ್ತಾನೆ. ಷಷ್ಟಿಪೂರ್ತಿ ಎಂದರೆ ಅದೇ. ಮುದಿತನ ಆಗ ದೂರ ಹೋಗುವುದಾಗಿರಲಿಲ್ಲ, ತಿರುಗಿ ಬರುವುದಾಗಿತ್ತು.

ಧಾತು ಮತ್ತು ಈಶ್ವರ 1936-38ರಲ್ಲಿ ಒಮ್ಮೆ, 1996-98ರಲ್ಲಿ ಇನ್ನೊಮ್ಮೆ ಬಂದು ಹೋದವು. ನನ್ನ ವಾರಿಗೆಯವರು ಹುಟ್ಟಿದ್ದು ಈ ಕೊನೆಯ ಸುತ್ತಿನಲ್ಲಿ. ವಿಜಾಪುರ ಜಿಲ್ಲೆಯಿಂದ ಬೇರೆಯಾಗಿ 1997ರಲ್ಲಿ ಹುಟ್ಟಿದ ಬಾಗಲಕೋಟೆ ಜಿಲ್ಲೆಗೂ ನಮ್ಮಷ್ಟೇ ವಯಸ್ಸು. ಷಷ್ಟಿಪೂರ್ತಿಗೆ ಇನ್ನೂ ಅರ್ಧಕ್ಕಿಂತ ಹೆಚ್ಚು ದಾರಿ ಬಾಕಿ ಇದೆ. ಆದರೂ ಮೂವತ್ತು ತುಂಬದ ನಮ್ಮಂಥವರ ಬಾಯಲ್ಲಿ "ನಮ್ಮ ಕಾಲದಾಗ ಹಿಂಗ ಇರಲಿಲ್ಲ" ಎಂಬ ಮಾತು ಈಗಾಗಲೇ ಬರತೊಡಗಿದೆ. ಅಜ್ಜಂದಿರ ಬಾಯಲ್ಲಿ ಚೆಂದ ಕಾಣುತ್ತಿದ್ದ ಮಾತು ಇಷ್ಟು ಬೇಗ ನಮ್ಮ ಬಾಯಿಗೆ ಹೇಗೆ ಬಂತು? ಇದು ಬರೀ ಹಳಹಳಿಕೆಯ ಪ್ರಶ್ನೆಯೆಂದು ನನಗೆ ಅನಿಸುವುದಿಲ್ಲ. ಇದಕ್ಕೊಂದು ಚರಿತ್ರೆಯಿದೆ. ಅದರ ಒಂದು ಮುಖ್ಯ ಅಧ್ಯಾಯ ಇಲ್ಲೇ, ಕೃಷ್ಣೆ-ಘಟಪ್ರಭೆಯರ ನಡುವಿನ ಸೀಮೆಯಲ್ಲೇ ಸುರುವಾಗುತ್ತದೆ.

ಮೊದಲು ಒಂದು ಅನುಮಾನವನ್ನು ಬಗೆಹರಿಸಿಕೊಳ್ಳಬೇಕು. ಬದಲಾವಣೆಯೇ ಮನುಷ್ಯನಿಗೆ ವಯಸ್ಸಾದ ಅರಿವು ತರುತ್ತದೆಯೇ? ಜಮಖಂಡಿ ಪೇಟೆಯಲ್ಲಿ 1920ರ ಹೊತ್ತಿಗೆ ಹುಟ್ಟಿ 2000ದವರೆಗೆ ಬದುಕಿದ ಒಬ್ಬರನ್ನು ಊಹಿಸಿಕೊಳ್ಳಿ. ಹುಟ್ಟಿದ್ದು ಪಟವರ್ಧನರ ಸಂಸ್ಥಾನದಲ್ಲಿ. 1948ರಲ್ಲಿ ಸಂಸ್ಥಾನ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರಲ್ಲಿ ಊರು ಮೈಸೂರು ರಾಜ್ಯಕ್ಕೆ ಬಂತು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಜಿಲ್ಲೆಯೇ ಬದಲಾಯಿತು. ಆತ ಮನೆಯ ಹೊಸ್ತಿಲು ದಾಟದೆಯೇ ಐದು ವಿಳಾಸಗಳಲ್ಲಿ ಬದುಕಿದ. ಕಛೇರಿಯ ಭಾಷೆ, ಕಾಗದದ ಮೇಲಿನ ಮುದ್ರೆ, ನಾಣ್ಯ, ತೂಕ-ಅಳತೆ ಎಲ್ಲವೂ ಬದಲಾದವು. ಆದರೆ ಇವು ಯಾವುವೂ ಅವನನ್ನು ಮೊಮ್ಮಗನಿಂದ ದೂರ ಮಾಡಲಿಲ್ಲ. ರಾಜ ಹೋದ ಸುದ್ದಿ ಮನೆಯ ಎಲ್ಲರಿಗೂ ಒಂದೇ ದಿನ ಮುಟ್ಟಿತು. ಆ ಬದಲಾವಣೆಯಲ್ಲಿ ಅಜ್ಜನೂ ಮೊಮ್ಮಗನೂ ಒಂದೇ ದಂಡೆಯ ಮೇಲಿದ್ದರು.

ಮನರಂಜನೆಯ ವಿಷಯದಲ್ಲೂ ಬಹುಕಾಲ ಹಾಗೇ ಇತ್ತು. ಜಮಖಂಡಿ, ಮುಧೋಳ, ಗೋಕಾಕ ಸೀಮೆಯ ಶ್ರೀಕೃಷ್ಣ ಪಾರಿಜಾತವನ್ನೇ ನೋಡಿ. ಕುಲಗೋಡ ತಮ್ಮಣ್ಣನ ಹೆಸರಿನೊಂದಿಗೆ ಬೆಸೆದುಕೊಂಡಿರುವ, ಕೌಜಲಗಿ ನಿಂಗಮ್ಮನಂಥ ಕಲಾವಿದೆಯರಿಂದ ಮನೆಮಾತಾದ ಈ ಆಟದಲ್ಲಿ ಕತೆ ಎಲ್ಲರಿಗೂ ಗೊತ್ತು. ಸತ್ಯಭಾಮೆ ಮುನಿಯುತ್ತಾಳೆ, ಕೃಷ್ಣ ಒಲಿಸುತ್ತಾನೆ, ದೂತಿ ಮತ್ತು ಭಾಗವತ ನಗಿಸುತ್ತಾರೆ. ಬೆಳಕು ಹರಿಯುವವರೆಗೆ ಆಟ. ಅಜ್ಜನ ತೊಡೆಯ ಮೇಲೆ ನಿದ್ದೆ ಹೋದ ಹುಡುಗ ಮುಂದೆ ತಾನೇ ಅಜ್ಜನಾಗಿ ಅದೇ ಆಟಕ್ಕೆ ಬಂದು ಕೂರುತ್ತಿದ್ದ. ಈ ನಡುವೆ ಪೆಟ್ರೋಮ್ಯಾಕ್ಸ್ ಹೋಗಿ ವಿದ್ಯುತ್ ದೀಪ ಬಂದಿರಬಹುದು, ಪದಗಳ ಮಟ್ಟು ಅಷ್ಟಿಷ್ಟು ಬದಲಾಗಿರಬಹುದು. ನೋಡುವವನಿಗೆ ವಯಸ್ಸಾಗುತ್ತಿತ್ತು, ಆಟಕ್ಕೆ ಆಗುತ್ತಿರಲಿಲ್ಲ. ಅಷ್ಟೇ ಅಲ್ಲ, ಹೆಚ್ಚು ಸಲ ನೋಡಿದವನೇ ಹೆಚ್ಚು ತಿಳಿದವನು. ಯಾವ ಊರಿನ ಮೇಳದವರು ಯಾವ ಪದವನ್ನು ಹೇಗೆ ಹಾಡುತ್ತಿದ್ದರು ಎಂಬ ತೀರ್ಪು ಹಿರಿಯರದ್ದೇ. ವಯಸ್ಸು ಅಲ್ಲಿ ಅರ್ಹತೆಯಾಗಿತ್ತು.

ಮಳೆಯ ನಕ್ಷತ್ರಗಳ ವಿಷಯದಲ್ಲೂ ಹೀಗೆಯೇ. ರೋಹಿಣಿ, ಮೃಗಶಿರಾ, ಆರಿದ್ರಾ ಎಂದು ಎಣಿಸುತ್ತ ಯಾವ ಮಳೆಗೆ ಏನು ಬಿತ್ತಬೇಕೆಂದು ಹೇಳಲು ಅರವತ್ತು ಮಳೆಗಾಲ ಕಂಡವನಿಗೆ ಇಪ್ಪತ್ತು ಕಂಡವನಿಗಿಂತ ಹೆಚ್ಚು ಹಕ್ಕು. ಹಳೆಯ ತಿಳಿವಳಿಕೆ ಬಡ್ಡಿ ಸೇರಿಸುತ್ತ ಬೆಳೆಯುವ ಗಂಟಿನಂತಿತ್ತು.

ಇದು ಮುರಿದದ್ದು ಹಾಡನ್ನು ಯಂತ್ರದೊಳಗೆ ಹಿಡಿಯಲು ಸಾಧ್ಯವಾದ ಮೇಲೆ. 1902ರಲ್ಲಿ ಕಲ್ಕತ್ತದಲ್ಲಿ ಭಾರತದ ಮೊದಲ ಗ್ರಾಮಾಫೋನ್ ಮುದ್ರಣಗಳು ನಡೆದವು. ಆಗ ಹಾಡಿದ ಗೌಹರ್ ಜಾನ್ ದೇಶದ ಮೊದಲ ಧ್ವನಿಮುದ್ರಿಕಾ ತಾರೆಯಾದರು. ಅವರು ಕೊನೆಯ ದಿನಗಳನ್ನು ಮೈಸೂರಿನಲ್ಲಿ ಕಳೆದು 1930ರಲ್ಲಿ ಅಲ್ಲೇ ತೀರಿಕೊಂಡರು. ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. ಇಡೀ ರಾತ್ರಿ ಬೇಕಿದ್ದ ರಾಗ ಮೂರು ನಿಮಿಷದಲ್ಲಿ ಮುಗಿಯಬೇಕು. ಮೊದಲ ಬಾರಿಗೆ ಹಾಡುವವರ ಕೊರಳು ಯಂತ್ರದ ಅಳತೆಗೆ ತಕ್ಕಂತೆ ತನ್ನನ್ನು ತಿದ್ದಿಕೊಳ್ಳಬೇಕಾಯಿತು.

ಆ ಯಂತ್ರಯುಗದೊಳಗೆ ನಮ್ಮ ಬೀಳಗಿಯಿಂದ ಇಬ್ಬರು ಅಕ್ಕತಂಗಿಯರು ನಡೆದು ಹೋದರು. ಗೋಹರ್‌ಬಾಯಿ ಕರ್ನಾಟಕಿ ಮತ್ತು ಅಮೀರ್‌ಬಾಯಿ ಕರ್ನಾಟಕಿ. ವೃತ್ತಿ ರಂಗಭೂಮಿ ಹುರುಪಿನಲ್ಲಿದ್ದ ವಿಜಾಪುರ ಜಿಲ್ಲೆಯಲ್ಲಿ ಬೆಳೆದ ಈ ಕೊರಳುಗಳು ಮುಂಬಯಿಯವರೆಗೆ ಹೋದವು. ಹೋದಲ್ಲೆಲ್ಲ ಹೆಸರಿನ ಜೊತೆ 'ಕರ್ನಾಟಕಿ' ಎಂಬ ಗುರುತನ್ನು ಹೊತ್ತುಕೊಂಡೇ ಹೋದವು. ಅಮೀರ್‌ಬಾಯಿ ಬದುಕಿನ ಬಗ್ಗೆ ರಹಮತ್ ತರೀಕೆರೆ ಅವರು ಕನ್ನಡದಲ್ಲಿ ಒಂದು ಪುಸ್ತಕವನ್ನೇ ಬರೆದಿದ್ದಾರೆ. ನಾನಿಲ್ಲಿ ಹೇಳಹೊರಟಿರುವುದು ಅವರ ಇಡೀ ಚರಿತ್ರೆಯನ್ನಲ್ಲ. ಯಂತ್ರ ಬದಲಾದಾಗ ಮನುಷ್ಯನಿಗೆ ಹೇಗೆ ವಯಸ್ಸಾಗುತ್ತದೆ ಎಂಬುದಕ್ಕೆ ಅವರ ಬದುಕಿಗಿಂತ ಸ್ಪಷ್ಟ ಉದಾಹರಣೆ ನನಗೆ ಸಿಕ್ಕಿಲ್ಲ.

ರಂಗದ ಮೇಲೆ ಹಾಡುವವರ ಕೊರಳು ಮೈಕಿಲ್ಲದೆ ಕಟ್ಟಕಡೆಯ ಸಾಲಿನವರಿಗೆ ಮುಟ್ಟಬೇಕಿತ್ತು. ಅದಕ್ಕೆ ತುಂಬಿದ, ಗಟ್ಟಿಯಾದ, ಎದೆಯಿಂದ ಎದ್ದು ಬರುವ ದನಿ ಬೇಕು. 1931ರಲ್ಲಿ 'ಆಲಂ ಆರಾ', 1934ರಲ್ಲಿ ಕನ್ನಡದ 'ಸತಿ ಸುಲೋಚನಾ' ಬಂದು ಚಿತ್ರಗಳು ಮಾತಾಡತೊಡಗಿದಾಗ, ಹಾಡಬಲ್ಲ ನಟಿಯರಿಗಾಗಿ ಸಿನಿಮಾದವರು ನೋಡಿದ್ದು ರಂಗಭೂಮಿಯ ಕಡೆಗೇ. ಹಳೆಯ ವಿದ್ಯೆಗೆ ಹೊಸ ಯಂತ್ರದಲ್ಲಿ ಬೆಲೆ ಬಂತು. ಅಮೀರ್‌ಬಾಯಿ ಆ ಅಲೆಯ ಮೇಲೆ ಬಂದವರು. 1935ರ ಹೊತ್ತಿಗೆ ಹಿನ್ನೆಲೆ ಗಾಯನದ ಪದ್ಧತಿ ಸುರುವಾಗಿ, ನಟಿಸುವ ಮುಖ ಮತ್ತು ಹಾಡುವ ಕೊರಳು ಬೇರೆಬೇರೆಯಾದವು. ಇದು ಅವರಿಗೆ ಅನುಕೂಲವೇ ಆಯಿತು. 1943ರ 'ಕಿಸ್ಮತ್' ಕಲ್ಕತ್ತದ ರಾಕ್ಸಿ ಚಿತ್ರಮಂದಿರವೊಂದರಲ್ಲೇ ಮೂರು ವರ್ಷಕ್ಕೂ ಹೆಚ್ಚು ಓಡಿತು. ಅನಿಲ್ ಬಿಸ್ವಾಸ್ ಸಂಗೀತದ ಆ ಚಿತ್ರದಲ್ಲಿ ದೇಶವೆಲ್ಲ ಕೇಳಿದ ಹೆಣ್ಣು ಕೊರಳು ಬೀಳಗಿಯದು. ಮರುವರ್ಷ ಬಂದ ನೌಷಾದ್ ಸಂಗೀತದ 'ರತನ್' ಚಿತ್ರದಲ್ಲಿ ಅವರು ಮತ್ತು ಜೊಹ್ರಾಬಾಯಿ ಅಂಬಾಲೆವಾಲಿ ಹಾಡಿದ ಹಾಡುಗಳು ಮನೆಮನೆ ಸೇರಿದವು.

ಇದಾಗಿ ಐದೇ ವರ್ಷ. 1949ರಲ್ಲಿ 'ಮಹಲ್', 'ಅಂದಾಜ್', 'ಬರ್ಸಾತ್' ಬಂದವು. ಮೂರರಲ್ಲೂ ಹಾಡಿದ ಹುಡುಗಿಗೆ ಆಗ ಇಪ್ಪತ್ತು ವರ್ಷ. 'ಮಹಲ್' ತಟ್ಟೆಯ ಮೇಲೆ ಮೊದಲಿಗೆ ಹಾಡಿದವರ ಹೆಸರೂ ಇರಲಿಲ್ಲ, ಚಿತ್ರದ ಪಾತ್ರದ ಹೆಸರು 'ಕಾಮಿನಿ' ಎಂದಿತ್ತು. ಯಾರ ಕೊರಳಿದು ಎಂದು ಕೇಳುಗರು ರೇಡಿಯೋಗೆ ಪತ್ರ ಬರೆದ ಮೇಲೆ ಲತಾ ಮಂಗೇಶಕರ್ ಎಂಬ ಹೆಸರು ಹೊರಬಂತು. ಆ ಸಣ್ಣ, ಎತ್ತರದ, ನವಿರಾದ ಕೊರಳು ರಂಗಭೂಮಿಯ ಕಟ್ಟಕಡೆಯ ಸಾಲಿಗೆ ಮುಟ್ಟುತ್ತಿತ್ತೋ ಇಲ್ಲವೋ, ಆದರೆ ಅದು ಮುಟ್ಟಬೇಕಾಗಿದ್ದುದು ಒಂದಡಿ ದೂರದ ಮೈಕನ್ನು ಮಾತ್ರ. ಮೈಕು ಸುಧಾರಿಸಿದಂತೆ ಪಿಸುಮಾತೂ ಹಾಡಾಗಬಹುದಾಯಿತು. ಗಟ್ಟಿಯಾಗಿ ಹಾಡುವುದು ಬಲವಾಗಿದ್ದ ಕಾಲ ಹೋಗಿ ಹಳೆಯ ಶೈಲಿಯಾದ ಕಾಲ ಬಂತು. ಅಮೀರ್‌ಬಾಯಿಗೆ ಆಗ ವಯಸ್ಸು ನಲವತ್ತು ದಾಟಿತ್ತು. ಅವರ ಕೊರಳು ಕೆಟ್ಟಿರಲಿಲ್ಲ. ಕೇಳುವವರ ಕಿವಿ ಹೊಸದಾಗಿತ್ತು. ಮುಂದಿನ ವರ್ಷಗಳಲ್ಲಿ ಅವರು ಹಾಡುವುದಕ್ಕಿಂತ ಹೆಚ್ಚಾಗಿ ಚಿತ್ರಗಳ ಸಣ್ಣಪುಟ್ಟ ಪಾತ್ರಗಳಲ್ಲಿ ಕಾಣಿಸಿಕೊಂಡರು. 1965ರಲ್ಲಿ ತೀರಿಕೊಂಡರು. ವಿಜಾಪುರದಲ್ಲಿ ಅವರ ಹೆಸರನ್ನು ಉಳಿಸಿದ್ದು ಅವರು ಕಟ್ಟಿಸಿದ 'ಅಮೀರ್ ಟಾಕೀಸ್'. ಜನ ಅಲ್ಲಿಗೆ ಹೋಗುತ್ತಿದ್ದುದು ಹೊಸ ಕೊರಳುಗಳನ್ನು ಕೇಳಲಿಕ್ಕೆ.

ಅಕ್ಕನ ಕತೆ ಇದರ ಇನ್ನೊಂದು ಮುಖ. ಗೋಹರ್‌ಬಾಯಿ ಮರಾಠಿ ರಂಗಭೂಮಿಯ ಬಾಲಗಂಧರ್ವರ ಕಂಪನಿ ಸೇರಿ ಸ್ತ್ರೀಪಾತ್ರಗಳನ್ನು ವಹಿಸಿದರು, ಕೊನೆಯವರೆಗೂ ಅವರ ಜೊತೆಯಲ್ಲಿದ್ದರು. 1888ರಲ್ಲಿ ಹುಟ್ಟಿದ ಬಾಲಗಂಧರ್ವರು ಹೆಣ್ಣಿನ ಪಾತ್ರಗಳಿಗೆ ಹೆಸರಾದವರು. ನಡುವಯಸ್ಸಿನಲ್ಲೂ ರಂಗದ ಮೇಲೆ ಅವರು ತರುಣಿಯಾಗಬಲ್ಲರು, ಏಕೆಂದರೆ ರಂಗಕ್ಕೂ ಪ್ರೇಕ್ಷಕನಿಗೂ ನಡುವೆ ದೂರವಿರುತ್ತದೆ. ಆ ದೂರವನ್ನು ದೀಪ, ಬಣ್ಣ, ಹಾಡು ಮತ್ತು ನೋಡುಗನ ಪ್ರೀತಿ ಸೇರಿ ತುಂಬುತ್ತವೆ. ಕ್ಯಾಮೆರಾ ಈ ದೂರವನ್ನು ಅಳಿಸಿತು. 1935ರಲ್ಲಿ ಪ್ರಭಾತ್ ಕಂಪನಿಯ 'ಧರ್ಮಾತ್ಮಾ' ಚಿತ್ರದಲ್ಲಿ ಅವರು ಸಂತ ಏಕನಾಥನ ಪಾತ್ರ ಮಾಡಿದರು. ಹೆಣ್ಣಾಗಿ ನೋಡಿ ಮರುಳಾದ ಜನಕ್ಕೆ ಈ ಗಂಡುರೂಪ ಒಪ್ಪಿಗೆಯಾಗಲಿಲ್ಲ, ಅವರಿಗೂ ಸಿನಿಮಾ ಒಗ್ಗಲಿಲ್ಲ. ರಂಗದ ಮೇಲೆ ಇನ್ನೂ ಆಗದ ವಯಸ್ಸು ಕ್ಯಾಮೆರಾದ ಮುಂದೆ ಒಮ್ಮೆಲೇ ಆಗಿಬಿಟ್ಟಿತ್ತು.

ಈ ಎರಡು ಉದಾಹರಣೆಗಳಿಂದ ಒಂದು ಮಾತು ತಿಳಿಯುತ್ತದೆ. ದೇಹದ ವಯಸ್ಸು ಒಂದು, ಮಾಧ್ಯಮದ ವಯಸ್ಸು ಇನ್ನೊಂದು. ಎರಡೂ ಒಂದೇ ವೇಗದಲ್ಲಿ ನಡೆಯುವುದಿಲ್ಲ. ಬಹುಕಾಲ ಈ ಕಷ್ಟ ಕಲಾವಿದರದ್ದಷ್ಟೇ ಆಗಿತ್ತು. ಕೇಳುಗರಿಗೆ ಅದರ ಬಿಸಿ ತಟ್ಟಿದ್ದು ಯಂತ್ರಗಳು ಒಂದೊಂದಾಗಿ ಮನೆಯೊಳಗೆ ಬಂದ ಮೇಲೆ.

ರೇಡಿಯೋ ಕಾಲದಲ್ಲೂ ಆ ಬಿಸಿ ಅಷ್ಟಾಗಿ ತಟ್ಟಲಿಲ್ಲ. ಧಾರವಾಡ ಆಕಾಶವಾಣಿ ಸುರುವಾದದ್ದು 1950ರ ಜನವರಿ 8ರಂದು. ರೇಡಿಯೋ ಇಟ್ಟುಕೊಳ್ಳಲು ಅಂಚೆ ಕಛೇರಿಯಲ್ಲಿ ಲೈಸೆನ್ಸ್ ಫೀ ಕಟ್ಟಬೇಕಾಗಿದ್ದ ದಿನಗಳವು. ಇದ್ದುದು ಊರಿಗೊಂದೋ ಎರಡೋ ಪೆಟ್ಟಿಗೆ, ಅದರ ಸುತ್ತ ಎಲ್ಲ ವಯಸ್ಸಿನವರೂ. ಕೇಂದ್ರದ ಮಂತ್ರಿ ಬಿ. ವಿ. ಕೇಸ್ಕರ್ ಸಿನಿಮಾ ಹಾಡು ಹಗುರವೆಂದು ಆಕಾಶವಾಣಿಯಿಂದ ದೂರ ಇಟ್ಟಾಗ ಜನ ಮುಳ್ಳನ್ನು ರೇಡಿಯೋ ಸಿಲೋನ್ ಕಡೆಗೆ ತಿರುಗಿಸಿದರು. 1952ರಲ್ಲಿ ಅಲ್ಲಿ ಅಮೀನ್ ಸಯಾನಿಯವರ 'ಬಿನಾಕಾ ಗೀತಮಾಲಾ' ಮೊದಲಾಯಿತು. ಇತ್ತ 1957ರಲ್ಲಿ ವಿವಿಧ ಭಾರತಿಯೂ ಬಂತು. ಗೀತಮಾಲೆ ದಶಕಗಟ್ಟಲೆ ನಡೆಯಿತು. ಅಪ್ಪ ಕೇಳಿದ ದನಿಯನ್ನೇ ಮಗನೂ ಕೇಳಿದ. 2024ರ ಫೆಬ್ರುವರಿಯಲ್ಲಿ ಸಯಾನಿ ತೀರಿಕೊಂಡಾಗ ಮರುಗಿದವರಲ್ಲಿ ಮೂರು ತಲೆಮಾರಿನವರಿದ್ದರು. ಹಾಡುಗಳು ವಾರವಾರ ಬದಲಾದರೂ ಕೇಳುವ ಕ್ರಮ ಬದಲಾಗಲಿಲ್ಲ. 1987-88ರ ಭಾನುವಾರಗಳಲ್ಲಿ ದೂರದರ್ಶನದ 'ರಾಮಾಯಣ'ದ ಮುಂದೆ ಓಣಿಗೆ ಓಣಿಯೇ ಕುಳಿತದ್ದೂ ಪಾರಿಜಾತದ ಮುಂದೆ ಕುಳಿತ ಬಗೆಯಲ್ಲೇ.

ಮೊದಲ ಬಿರುಕು ಕ್ಯಾಸೆಟ್ಟಿನದು. ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಈ ಸಣ್ಣ ಡಬ್ಬಿ ನಮ್ಮ ಹಳ್ಳಿಗಳನ್ನು ಸೇರಿದ್ದು 1980ರ ದಶಕದಲ್ಲಿ. ಕ್ಯಾಸೆಟ್ಟಿನ ಗುಣ ಎರಡು. ಒಂದು, ಅದನ್ನು ಯಾರು ಬೇಕಾದರೂ ತುಂಬಬಹುದಿತ್ತು. ಭಜನಾ ಪದ, ಡೊಳ್ಳಿನ ಪದ, ಗೀಗೀ ಪದ, ಲಾವಣಿಗಳಿಗೆ ಮೊದಲ ಬಾರಿಗೆ ಸ್ವಂತ ಮಾರುಕಟ್ಟೆ ಸಿಕ್ಕಿತು. ಮುಂಬಯಿಗೆ ಹೋಗದೆಯೂ ಹಳ್ಳಿಯ ಹಾಡುಗಾರ ಯಂತ್ರದೊಳಗೆ ಬರಬಹುದಾಯಿತು. ಇದು ದೊಡ್ಡ ಲಾಭ. ಎರಡು, ಯಾವ ಹಾಡು ಯಾವಾಗ ಎಂಬುದನ್ನು ಕೇಳುವವನೇ ತೀರ್ಮಾನಿಸಬಹುದಿತ್ತು. ಅಜ್ಜ ಪಡಸಾಲೆಯಲ್ಲಿ ತತ್ವಪದ ಹಚ್ಚಿದರೆ ಮೊಮ್ಮಗ ಟ್ರ್ಯಾಕ್ಟರಿನಲ್ಲಿ ಸಿನಿಮಾ ಹಾಡು ಹಚ್ಚಿದ. ಟ್ರ್ಯಾಕ್ಟರಿನ ಮಾತು ಸುಮ್ಮನೆ ಹೇಳಿದ್ದಲ್ಲ. ಬ್ಯಾರೇಜಿನಿಂದ ನೀರು, ನೀರಿನಿಂದ ಕಬ್ಬು, ಕಬ್ಬಿನಿಂದ ಕಾರ್ಖಾನೆ, ಕಾರ್ಖಾನೆಗೆ ಕಬ್ಬು ಸಾಗಿಸಲು ಟ್ರ್ಯಾಕ್ಟರ್, ರಾತ್ರಿಯಿಡೀ ಪಾಳಿ ಕಾಯುವ ಚಾಲಕನಿಗೆ ನಿದ್ದೆ ಬಾರದಂತೆ ಟೇಪ್‌ರೆಕಾರ್ಡರ್. ಇವತ್ತು ಮುಧೋಳ-ಜಮಖಂಡಿ ರಸ್ತೆಯಲ್ಲಿ ಎದೆ ನಡುಗಿಸುತ್ತ ಹೋಗುವ ಜನಪದ ಡಿಜೆ ಹಾಡುಗಳ ವಂಶಾವಳಿ ಹಿಡಿದು ಹೊರಟರೆ ಚಿಕ್ಕಪಡಸಲಗಿಯ ಕಲ್ಲಿನ ಗೋಡೆಗೂ ಹೋಗಿ ಮುಟ್ಟಬಹುದು.

ಅಲ್ಲಿಂದ ಮುಂದೆ ಕಾಲದ ಹೆಜ್ಜೆ ಚುರುಕಾಗುತ್ತದೆ. ಗ್ರಾಮಾಫೋನ್ ತಟ್ಟೆ ಹೆಚ್ಚುಕಡಿಮೆ ಒಂದು ಸಂವತ್ಸರ ಚಕ್ರದಷ್ಟು ಬಾಳಿತು. ಕ್ಯಾಸೆಟ್ಟು ಬಾಳಿದ್ದು ಸುಮಾರು ಇಪ್ಪತ್ತೈದು ವರ್ಷ. ಟಿವಿ ಜೊತೆಗೆ ಬಾಡಿಗೆಗೆ ತಂದು ಒಂದೇ ರಾತ್ರಿಯಲ್ಲಿ ಮೂರು ಪಿಚ್ಚರ್ ನೋಡುತ್ತಿದ್ದ ವಿಸಿಡಿಗೆ ಹತ್ತು ವರ್ಷ. ಮೊಬೈಲ್ ಅಂಗಡಿಗೆ ಹೋಗಿ ಕಾಸು ಕೊಟ್ಟು ಮೆಮರಿ ಕಾರ್ಡಿಗೆ ಹಾಡು ಹಾಕಿಸಿಕೊಂಡು ಬರುತ್ತಿದ್ದ ಪದ್ಧತಿ ಅಷ್ಟೂ ನಡೆಯಲಿಲ್ಲ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ ಹಾಡನ್ನು ಇಟ್ಟುಕೊಳ್ಳುವ ಅಗತ್ಯವೇ ಇಲ್ಲವಾಯಿತು. ಟಿಕ್‌ಟಾಕ್ ಹಳ್ಳಿಯ ಹುಡುಗ-ಹುಡುಗಿಯರನ್ನು ಒಂದೆರಡು ವರ್ಷ ತಾರೆಗಳನ್ನಾಗಿ ಮಾಡಿ 2020ರ ಜೂನ್ 29ರ ಆದೇಶದೊಂದಿಗೆ ಮಾಯವಾಯಿತು. ಅರವತ್ತು, ಇಪ್ಪತ್ತೈದು, ಹತ್ತು, ಎಂಟು, ಮೂರು. ಒಂದು ಕಾಲದಲ್ಲಿ ಒಂದೇ ಯಂತ್ರದೊಳಗೆ ಎರಡು ಮೂರು ತಲೆಮಾರು ಬದುಕಿ ಹೋಗುತ್ತಿದ್ದವು. ಈಗ ಒಂದೇ ತಲೆಮಾರಿನೊಳಗೆ ನಾಲ್ಕೈದು ಯಂತ್ರಗಳು ಹುಟ್ಟಿ ಸಾಯುತ್ತವೆ. ಒಂದೇ ಮನೆಯಲ್ಲಿ ಎಂಟು ವರ್ಷದ ಅಂತರದಲ್ಲಿ ಹುಟ್ಟಿದ ಅಣ್ಣ-ತಮ್ಮಂದಿರು ಬೇರೆಬೇರೆ ಕಾಲದವರಾಗುತ್ತಾರೆ.

ಮಿಸ್ ಕಾಲ್ ಎಂಬುದನ್ನೇ ನೋಡಿ. 2003ರಲ್ಲಿ ಕರೆ ಮಾಡಿದವನೇ ದುಡ್ಡು ಕೊಡುವ ಪದ್ಧತಿ ಬಂದು ಒಳಬರುವ ಕರೆಗಳು ಉಚಿತವಾದವು. ಅದೇ ವರ್ಷ ಬಂದ, ತುದಿಯಲ್ಲಿ ಬ್ಯಾಟರಿ ದೀಪವಿದ್ದ ನೋಕಿಯಾ 1100 ಹಳ್ಳಿಗಳಲ್ಲಿ ಹಬ್ಬಿತು. ಕರೆ ಹೊಡೆದು ಎತ್ತುವ ಮೊದಲೇ ಕಡಿಯುವುದು ಒಂದು ಪೂರ್ಣ ಭಾಷೆಯಾಯಿತು. ಒಂದು ಸಲ ಬಂದರೆ "ಬಸ್ ಹತ್ತೀನಿ", ಎರಡು ಸಲ ಬಂದರೆ "ಊರು ಮುಟ್ಟೀನಿ, ಗಾಡಿ ತಗೊಂಡು ಬಾ". ಅದಕ್ಕೆ ಒಂದು ಪೈಸೆ ಖರ್ಚಿಲ್ಲ, ಒಂದು ಅಕ್ಷರವೂ ಬೇಕಿಲ್ಲ. ಓದು ಬಾರದ ಅವ್ವಂದಿರೂ ಆ ಭಾಷೆಯಲ್ಲಿ ಪಂಡಿತೆಯರಾಗಿದ್ದರು. ಇತ್ತೀಚೆಗೆ ಬಿಎ ಮೊದಲ ವರ್ಷದ ವಿದ್ಯಾರ್ಥಿಗಳ ಜೊತೆ ಮಾತಾಡುವಾಗ ಇದನ್ನು ಹೇಳಿದೆ. ಅವರಿಗೆ ಪದ ಗೊತ್ತಿತ್ತು, ವ್ಯಾಕರಣ ಗೊತ್ತಿರಲಿಲ್ಲ. "ಮಾತಾಡೋದು ಫ್ರೀ ಇದ್ದಾಗ ಯಾಕ್ರಿ ಸರ್ ಕಟ್ ಮಾಡಬೇಕು?" ಎಂದ ಒಬ್ಬ. ಪ್ರಶ್ನೆ ಸರಿಯಾಗಿಯೇ ಇತ್ತು. ನಮ್ಮ ವಾರಿಗೆಯವರ ಶಾಲೆಯ ದಿನಗಳನ್ನು ತುಂಬಿದ್ದ 'ಮುಂಗಾರು ಮಳೆ' ಬಿಡುಗಡೆಯಾದದ್ದು 2006ರ ಡಿಸೆಂಬರ್ 29ರಂದು. ಆ ತರಗತಿಯಲ್ಲಿ ಕುಳಿತವರಲ್ಲಿ ಬಹುಪಾಲು ಜನ ಆಗ ಇನ್ನೂ ಹುಟ್ಟಿರಲಿಲ್ಲ.

ವಯಸ್ಸಾಗುವುದೆಂದರೇನು ಎಂಬುದಕ್ಕೆ ನನಗೆ ಸಿಕ್ಕ ಅರ್ಥ ಇದು. ನಮಗೆ ಸಹಜವಾಗಿದ್ದುದನ್ನು ಇನ್ನೊಬ್ಬರಿಗೆ ಬಿಡಿಸಿ ಹೇಳಬೇಕಾಗಿ ಬರುವುದು. ಬಿಡಿಸಿ ಹೇಳಬೇಕಾದ ಸಂಗತಿಗಳು ಹೆಚ್ಚಿದಷ್ಟೂ ವಯಸ್ಸು ಹೆಚ್ಚು. ಹದಿಹರೆಯದಿಂದ ಇಪ್ಪತ್ತರ ದಶಕದವರೆಗಿನ ನೆನಪುಗಳೇ ಮನುಷ್ಯನಲ್ಲಿ ಹೆಚ್ಚು ದಟ್ಟವಾಗಿ ಉಳಿಯುತ್ತವೆ, ಆಗ ಕೇಳಿದ ಹಾಡು ಕೊನೆಯವರೆಗೂ ಬಿಡುವುದಿಲ್ಲ ಎಂದು ಮನಶ್ಶಾಸ್ತ್ರಜ್ಞರು ಹೇಳುತ್ತಾರೆ. ಹಿಂದೆ ಹಾಗೆ ಅಂಟಿಕೊಂಡ ಹಾಡು ಮೊಮ್ಮಕ್ಕಳ ಕಾಲಕ್ಕೂ ಸುತ್ತಲೂ ಕೇಳಿಸುತ್ತಿತ್ತು. ಈಗ ಅದು ಅಂಟಿಕೊಂಡು ಒಣಗುವ ಮೊದಲೇ ಸುತ್ತಲಿನ ಲೋಕದಿಂದ ಮರೆಯಾಗಿರುತ್ತದೆ.

ಇಲ್ಲಿ ಕಳೆದುಹೋಗುತ್ತಿರುವುದು ಬರೀ ಹಾಡಲ್ಲ. ಹಿರಿತನಕ್ಕೆ ಇದ್ದ ಅಧಿಕಾರವೂ ಹೋಗುತ್ತಿದೆ. 2000ದ ಆಸುಪಾಸಿನಲ್ಲಿ 'ಭೂಮಿ' ಯೋಜನೆಯಡಿ ರಾಜ್ಯದ ಪಹಣಿಗಳು ಕಂಪ್ಯೂಟರಿಗೆ ಏರಿದವು. ತಲಾಠಿಯ ಕೈಬರಹದ ಪುಸ್ತಕದ ಮೇಲಿನ ಅವಲಂಬನೆ ತಪ್ಪಿದ್ದು ರೈತನಿಗೆ ಒಳ್ಳೆಯದೇ ಆಯಿತು. ಆದರೆ ಯಾವ ಹೊಲದ ಬದು ಎಲ್ಲಿಂದ ಎಲ್ಲಿಗೆ, ಯಾವ ಬೇವಿನಮರ ಯಾರ ಪಾಲು ಎಂದು ಬಾಯಿಪಾಠ ಹೇಳುತ್ತಿದ್ದ ಅಜ್ಜ ಇವತ್ತು ತನ್ನ ಹೊಲದ್ದೇ ಕಾಗದ ನೋಡಲು ಮೊಮ್ಮಗನ ಮುಂದೆ ಮೊಬೈಲ್ ಹಿಡಿದು ನಿಲ್ಲುತ್ತಾನೆ. ಓಟಿಪಿ ಬಂತೇ ಎಂದು ಕೇಳುತ್ತಾನೆ. ರಬಕವಿ-ಬನಹಟ್ಟಿಯಲ್ಲಿ ಕುಣಿಮಗ್ಗದ ಮುಂದೆ ಕೂತು ಸೀರೆಯ ಅಂಚು ನೇಯುವುದನ್ನು ಕಲಿಯಲು ಬೇಕಾದ ವರ್ಷಗಳೇ ನೇಕಾರನ ಹಿರಿಮೆಯಾಗಿದ್ದವು. ವಿದ್ಯುತ್ ಮಗ್ಗ ಬಂದ ಮೇಲೆ ಆ ವರ್ಷಗಳಿಗೆ ಬೆಲೆ ಕಟ್ಟುವವರು ಕಡಿಮೆಯಾದರು. ಮಳೆಯ ತಿಳಿವಳಿಕೆ ವಯಸ್ಸಿನೊಂದಿಗೆ ಏರುತ್ತಿತ್ತು, ಯಂತ್ರದ ತಿಳಿವಳಿಕೆ ವಯಸ್ಸಿನೊಂದಿಗೆ ಇಳಿಯುತ್ತದೆ. ಕಲಿಸುವವರು ಕಲಿಯುವವರಾಗಿದ್ದಾರೆ. ಮಕ್ಕಳು ತಾಳ್ಮೆಯಿಂದ ಕಲಿಸಿದರೆ ಅದರಲ್ಲೂ ಒಂದು ಸೊಗಸಿದೆ. ತಾಳ್ಮೆ ಎಲ್ಲ ಮನೆಗಳಲ್ಲಿಯೂ ಇರುವುದಿಲ್ಲ. ಇವತ್ತು ಅಜ್ಜನ ಮೇಲೆ ಸಿಡುಕುವ ಮೊಮ್ಮಗನಿಗೆ ಅದೇ ಗತಿ ಬರಲು ಅರವತ್ತು ವರ್ಷ ಬೇಕಿಲ್ಲ, ಹತ್ತು ಸಾಕು.

ಚರಿತ್ರೆಯ ವಿದ್ಯಾರ್ಥಿಯಾಗಿ ನನ್ನನ್ನು ಇನ್ನೂ ಹೆಚ್ಚು ಕಾಡುವುದು ದಾಖಲೆಯ ಪ್ರಶ್ನೆ. ಕಾಲ ಹಿಂದಕ್ಕೆ ಹೋದಷ್ಟೂ ಆಧಾರಗಳು ಕಡಿಮೆ ಎಂದು ನಾವು ಓದಿದ್ದೇವೆ. ಇಲ್ಲಿ ಅದು ತಿರುಗುಮುರುಗಾಗಿದೆ. ಎಂಬತ್ತು ವರ್ಷದ ಹಿಂದೆ ಅಮೀರ್‌ಬಾಯಿ ಹಾಡಿದ್ದನ್ನು ಇವತ್ತು ಕೂತಲ್ಲೇ ಕೇಳಬಹುದು. ಅರಗಿನ ಆ ತಟ್ಟೆಗಳು ಒಡೆಯದೆ ಉಳಿದವು, ಸಂಗ್ರಹಕಾರರು ಜೋಪಾನ ಮಾಡಿದರು, ಯೂಟ್ಯೂಬಿಗೆ ಏರಿಸಿದರು. ಆದರೆ ಇಪ್ಪತ್ತು ವರ್ಷದ ಹಿಂದೆ ಇದೇ ತಾಲೂಕಿನ ಭಜನಾ ಮೇಳವೊಂದು ತುಂಬಿಸಿದ ಕ್ಯಾಸೆಟ್ಟು ಹುಡುಕಿ ಹೊರಟರೆ ಸಿಗುವುದು ಬೂಸ್ಟು ಹಿಡಿದ ಟೇಪು, ಇಲ್ಲವೇ ಬರಿಯ ಕವರು. ಟೇಪು ಸಿಕ್ಕರೂ ಹಚ್ಚಲು ಯಂತ್ರವಿಲ್ಲ. ಮದುವೆಯ ವಿಡಿಯೋ ಕ್ಯಾಸೆಟ್ಟುಗಳನ್ನು ತಿಜೋರಿಯಲ್ಲಿ ಬಂಗಾರದ ಪಕ್ಕ ಇಟ್ಟ ಮನೆಗಳನ್ನು ನೋಡಿದ್ದೇನೆ. ಅದರೊಳಗಿನ ಬೀಗರು, ಬೀಗತಿಯರು, ತೀರಿಹೋದ ಹಿರಿಯರು ಮೂವತ್ತು ವರ್ಷದಿಂದ ಕತ್ತಲಲ್ಲಿ ಕೂತಿದ್ದಾರೆ. ಮೆಮರಿ ಕಾರ್ಡಿನ ಕಾಲದಲ್ಲಿ ಕೈಯಿಂದ ಕೈಗೆ ಹೋದ ಹಾಡುಗಳಿಗೆ ಹಾಡಿದವರ ಹೆಸರೂ ಇರಲಿಲ್ಲ, 'ಟ್ರ್ಯಾಕ್ 07' ಎಂಬ ಗುರುತಷ್ಟೇ ಇತ್ತು. 'ಕಾಮಿನಿ' ಯಾರೆಂದು ಕೇಳಿ ಪತ್ರ ಬರೆದ ಕೇಳುಗರು ಲತಾಗೆ ಸಿಕ್ಕರು. 'ಟ್ರ್ಯಾಕ್ 07' ಹಾಡಿದವಳನ್ನು ಯಾರೂ ಕೇಳಲಿಲ್ಲ.

ಹಾಗಾಗಿ ನೂರು ವರ್ಷದ ನಂತರ ಈ ಸೀಮೆಯ ಸಾಂಸ್ಕೃತಿಕ ಚರಿತ್ರೆ ಬರೆಯುವವರಿಗೆ 1940ರ ದಶಕಕ್ಕಿಂತ 2000ದ ದಶಕವೇ ಹೆಚ್ಚು ಕತ್ತಲಾಗಿ ಕಾಣಬಹುದು. ಇದನ್ನು ತಡೆಯಲು ದೊಡ್ಡ ಸಂಸ್ಥೆಗಳನ್ನೇ ಕಾಯಬೇಕಾಗಿಲ್ಲ. ಮನೆಯ ಅಟ್ಟದ ಮೇಲಿನ ಕ್ಯಾಸೆಟ್ಟಿನ ಕವರಿನ ಮೇಲೆ ಹಾಡಿದವರ ಹೆಸರು, ಊರು, ಹಾರ್ಮೋನಿಯಂ ಮತ್ತು ತಬಲಾ ನುಡಿಸಿದವರ ಹೆಸರು ಇರುತ್ತವೆ. ಅದರ ಒಂದು ಫೋಟೋ ತೆಗೆದಿಟ್ಟರೂ ಅದೊಂದು ದಾಖಲೆ. ಮಿಸ್ ಕಾಲಿನ ವ್ಯಾಕರಣವನ್ನು ಅವ್ವನ ಬಾಯಿಂದ ಕೇಳಿ ಬರೆದುಕೊಂಡರೆ ಅದೂ ಒಂದು ಶಾಸನವೇ. ರನ್ನನ ನಾಡಾದ ಮುಧೋಳದಲ್ಲಿ ಸಾವಿರ ವರ್ಷದ ಹಿಂದಿನ ಕವಿಯ ಹೆಸರು ಉಳಿದದ್ದು ಓಲೆಗರಿಯನ್ನು ಕಾಲಕಾಲಕ್ಕೆ ಯಾರೋ ಕೂತು ಪ್ರತಿ ಮಾಡಿದ್ದರಿಂದ. ಓಲೆಗರಿಗೂ ಆಯುಷ್ಯವಿತ್ತು. ಅದು ಮುಗಿಯುವ ಮೊದಲು ಇನ್ನೊಂದಕ್ಕೆ ಇಳಿಸಬೇಕೆಂದು ಆ ಲಿಪಿಕಾರರಿಗೆ ಗೊತ್ತಿತ್ತು.

ಧಾತು ಸಂವತ್ಸರ ಮತ್ತೆ ಬರುವುದು 2056ರ ಯುಗಾದಿಗೆ, ಅದರ ಬೆನ್ನಿಗೆ ಈಶ್ವರ. ಆ ಹೊತ್ತಿಗೆ ನನ್ನ ವಾರಿಗೆಯವರಿಗೆ ಅರವತ್ತು ತುಂಬುತ್ತದೆ. ನಮ್ಮೆಲ್ಲರ ಹುಟ್ಟಿದ ತಾರೀಖು ಕಾಗದದ ಮೇಲೆ ಖಚಿತವಾಗಿರುತ್ತದೆ, ಅದಕ್ಕಾಗಿ ಯಾರೂ ಬರಗಾಲ ನೆನೆಯಬೇಕಾಗಿಲ್ಲ. ಆದರೂ ಯಾರಾದರೂ ಹುಡುಗಿ ಪಕ್ಕದಲ್ಲಿ ಕೂತು "ನಿಮ್ಮ ಕಾಲದಾಗ ಹೆಂಗಿತ್ರಿ?" ಎಂದು ಕೇಳಿದಾಗ ಒಂದು ಗೂಟ ಬೇಕಾಗುತ್ತದೆ. 2009ರ ನೆರೆ ಎನ್ನುತ್ತೇವೆ, ಕೊರೊನಾದ ವರ್ಷ ಎನ್ನುತ್ತೇವೆ. ಆಮೇಲೆ ಒಂದು ಹಾಡಿನ ಹೆಸರು ಹೇಳುತ್ತೇವೆ. ಆ ಹುಡುಗಿಗೆ ಅದು ಕೇಳಲು ಸಿಗುತ್ತದೆಯೇ ಎಂಬುದು ಈಗ ಅಟ್ಟದ ಮೇಲಿರುವ ಡಬ್ಬಿಯನ್ನು ಯಾರು ಕೆಳಗಿಳಿಸುತ್ತಾರೆ ಎಂಬುದರ ಮೇಲಿದೆ.